ನಲವತ್ತೊಂದು ಸೂಚನೆಯ ಮನೆ

ಮನೆಯನ್ನು ಬಾಡಿಗೆಗೆ ಕೊಡುವುದೆಂದರೆ ಗೋಡೆ, ಮಾಡು, ಬಾಗಿಲುಗಳನ್ನು ಕೊಡುವುದು ಎಂದು ತಿಳಿದವರು ಹಾಗೇ ತಿಳಿದುಕೊಂಡಿರಲಿ. ರಟ್ಟಮ್ಮನಿಗೆ ಮಾತ್ರ ಗೊತ್ತಿತ್ತು, ತಾನು ಬೇರೆಯವರ ಕೈಗೆ ಒಪ್ಪಿಸುತ್ತಿರುವುದು ಒಂದು ಮುದಿ ಪ್ರಾಣಿಯನ್ನು, ಅದರ ಹಟ, ಮುನಿಸು, ಕೆಮ್ಮುಗಳ ಸಮೇತ. ಆದ್ದರಿಂದಲೇ ಪ್ರವಾಸಕ್ಕೆ ಹೊರಡುವ ಮುನ್ನ ಮೂರು ವಾರ ಕೂತು ಆಕೆ ಒಂದು ಪುಸ್ತಕ ಬರೆದಳು. ಬರೆದದ್ದನ್ನು ತಾನೇ ಹೊಲಿದು, ತಾನೇ ಅಂಟು ಹಚ್ಚಿ, ನೀಲಿ ಬಟ್ಟೆಯ ರಟ್ಟು ಹಾಕಿದಳು. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದೇ ಆಕೆಯ ಕಸುಬು. ಬೀದಿಯವರೆಲ್ಲ ರಟ್ಟಮ್ಮ ಎಂದೇ ಕರೆಯುತ್ತಿದ್ದರು. ಆಕೆಯ ನಿಜವಾದ ಹೆಸರು ಗೊತ್ತಿದ್ದದ್ದು ಕರೆಂಟ್ ಬಿಲ್ಲಿಗೆ ಮಾತ್ರ.

ಪುಸ್ತಕದಲ್ಲಿ ನಲವತ್ತೊಂದು ಸೂಚನೆಗಳಿದ್ದವು. 'ಮೂರು: ಮುಂಬಾಗಿಲ ಕೀಲಿಯನ್ನು ಪೂರ್ತಿ ತೂರಿಸಬೇಡಿ. ಕೂದಲೆಳೆಯಷ್ಟು ಹಿಂದಕ್ಕೆಳೆದು ತಿರುಗಿಸಿ.' 'ಎಂಟು: ಮೆಟ್ಟಿಲ ದೀಪದ ಸ್ವಿಚ್ಚು ಅಡುಗೆಮನೆಯಲ್ಲಿದೆ. ಅಡುಗೆಮನೆಯದ್ದು ಮೆಟ್ಟಿಲ ಕೆಳಗಿದೆ. ಯಾಕೆಂದು ಕೇಳಬೇಡಿ.' 'ಹದಿನಾಲ್ಕು: ಮೂರನೇ ಡ್ರಾಯರು ತೆಗೆಯಬೇಡಿ. ತೆಗೆದರೆ ಮತ್ತೆ ಒಳಗೆ ಹೋಗುವುದಿಲ್ಲ, ನಿಮ್ಮ ಜೊತೆಗೇ ಇರುತ್ತದೆ.' 'ಇಪ್ಪತ್ತೇಳು: ಸಂಜೆ ನಾಲ್ಕರ ಹೊತ್ತಿಗೆ ಅಟ್ಟದಲ್ಲಿ ಯಾರೋ ನಡೆದಂತೆ ಸದ್ದಾಗುತ್ತದೆ. ಯಾರೂ ಇಲ್ಲ. ಬಿಸಿಲಿಗೆ ಹಿಗ್ಗಿದ ತೊಲೆ ಮೈ ಸಡಿಲಿಸುತ್ತದೆ, ಅಷ್ಟೆ.'

"ಇಷ್ಟೊಂದು ಬರೆದ್ರೆ ಬರೋರು ಹೆದರಿ ಓಡಿಹೋಗ್ತಾರೆ ಕಣೇ," ಎಂದ ಗಂಡ.

"ಬರೀದೇ ಇದ್ರೆ ಬಂದ್ಮೇಲೆ ಓಡಿಹೋಗ್ತಾರೆ."

ಗಂಡನಿಗೂ ಒಂದು ಅಡ್ಡಹೆಸರಿತ್ತು: ಟೈಮ್‌ಟೇಬಲ್. ಮೂವತ್ತು ವರ್ಷ ರೈಲು ಕಚೇರಿಯಲ್ಲಿ ಕೂತು ಗಾಡಿಗಳ ವೇಳಾಪಟ್ಟಿ ತಿದ್ದಿದವನು, ತಾನೊಂದು ದಿನವೂ ದೂರದ ಗಾಡಿ ಹತ್ತಿದವನಲ್ಲ. ನಿವೃತ್ತನಾದ ಮರುದಿನವೇ ಆರು ವಾರದ ಪ್ರವಾಸವನ್ನು ನಿಮಿಷ ಸಮೇತ ಬರೆದಿಟ್ಟಿದ್ದ. ಬೆಟ್ಟ, ಜಲಪಾತ, ಎರಡು ಕೋಟೆ, ಒಂದು ಕೆರೆ. ಕೊನೆಯ ಎಂಟು ದಿನ ಸಮುದ್ರದ ಊರಿನಲ್ಲಿರುವ ಅಕ್ಕನ ಮನೆ.

ರಟ್ಟಮ್ಮನಿಗೆ ಬೆಟ್ಟವೂ ಬೇಕಿರಲಿಲ್ಲ, ಕೋಟೆಯೂ ಬೇಕಿರಲಿಲ್ಲ. ಬೇಕಿದ್ದದ್ದು ಆ ಎಂಟು ದಿನ. ಅಕ್ಕ ತನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿ ಹನ್ನೊಂದು ವರ್ಷವಾಗಿತ್ತು.

ಹನ್ನೊಂದು ವರ್ಷದ ಹಿಂದೆ ನಡೆದದ್ದು ಇಷ್ಟೇ. ಅಕ್ಕ ದೊಡ್ಡಾಸ್ಪತ್ರೆಯ ವಾರ್ಡೊಂದರ ಮುಖ್ಯ ನರ್ಸು. ಮದುವೆಯಾಗಲಿಲ್ಲ. ವರ್ಷಕ್ಕೊಮ್ಮೆ ಹತ್ತು ದಿನ ರಜೆ ಹಾಕಿ ಇಬ್ಬರೂ ಹುಟ್ಟಿ ಬೆಳೆದ ಈ ಮನೆಗೆ ಬಂದು, ಹುಟ್ಟಿದಾಗಿನಿಂದ ತನ್ನದಾಗಿದ್ದ ಮಹಡಿಯ ಕೋಣೆಯಲ್ಲಿ ಮಲಗಿ ಎದ್ದು ಹೋಗುತ್ತಿದ್ದಳು. ಆ ವರ್ಷ ರಟ್ಟಮ್ಮನಿಗೆ ಕೆಲಸ ಕೈತುಂಬ ಇತ್ತು. ರಟ್ಟು ಕತ್ತರಿಸುವ ದೊಡ್ಡ ಕಬ್ಬಿಣದ ಯಂತ್ರ ಬಂತು. ಇಡಲು ಜಾಗವಿರಲಿಲ್ಲ. ಹತ್ತು ದಿನಕ್ಕೆ ಬರುವವಳಿಗೆ ವರ್ಷವಿಡೀ ಕೋಣೆ ಯಾಕೆ ಎಂದುಕೊಂಡು ಅಕ್ಕನ ಸಾಮಾನನ್ನು ಪೆಟ್ಟಿಗೆಗೆ ತುಂಬಿ ಮೆಟ್ಟಿಲ ಕೆಳಗೆ ಒತ್ತರಿಸಿ, ಯಂತ್ರವನ್ನು ಮೇಲೆ ಹತ್ತಿಸಿದಳು. ಒಂದು ಮಾತು ಕೇಳಲಿಲ್ಲ. ಅಕ್ಕ ಬಂದಳು, ನೋಡಿದಳು, ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ಬೆಳಿಗ್ಗೆ ತಾನು ಕುಡಿದ ಲೋಟ ತಾನೇ ತೊಳೆದಿಟ್ಟು, "ನಿಮಗೆ ತೊಂದರೆ ಆಗಬಾರದು," ಎಂದು ಹೇಳಿ ಮೊದಲ ಗಾಡಿಗೆ ಹೊರಟುಹೋದಳು. ಜಗಳವಾಡಿದ್ದರೆ ಅವತ್ತೇ ಮುಗಿಯುತ್ತಿತ್ತು. ಆ 'ನಿಮಗೆ' ಎಂಬ ಮಾತು ಮಾತ್ರ ರಟ್ಟಮ್ಮನ ಗಂಟಲಲ್ಲಿ ಮುಳ್ಳಿನಂತೆ ನಿಂತುಬಿಟ್ಟಿತು. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ಎಲ್ಲರ ಹೆಸರನ್ನೂ ಹೇಳಿ, ಕೊನೆಗೆ ಅಕ್ಕನ ಹೆಸರು ಬಂದಾಗ ಆಕೆಗೆ ಏನು ಕೇಳಬೇಕೆಂದು ತೋಚುತ್ತಿರಲಿಲ್ಲ. ಸುಮ್ಮನೆ ಹೆಸರಷ್ಟನ್ನೇ ಹೇಳಿ ಎದ್ದುಬಿಡುತ್ತಿದ್ದಳು.

ಈಗ ಬಾಡಿಗೆಗೆ ಬಂದವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮನೆ ನೋಡಲು ಬಂದ ದಿನ ಗೋಡೆ ಸವರಿದಳು, ಕಿಟಕಿಯ ಕಂಬಿಗೆ ಕೆನ್ನೆ ಒತ್ತಿದಳು. "ಈ ಮನೆಗೆ ಜೀವ ಇದೆ ಅಮ್ಮಾ," ಎಂದಳು.

"ಜೀವ ಇದೆ. ಆರೋಗ್ಯ ಇಲ್ಲ," ಎಂದಳು ರಟ್ಟಮ್ಮ.

ಚಿತ್ರದವಳಿಗೆ ಬೆಳಕಿರುವ ಕೋಣೆಯೇ ಆಗಬೇಕಿತ್ತು. ಬೆಳಕಿದ್ದದ್ದು ಮಹಡಿಯ ಕೋಣೆಗೆ. ನಾಲ್ಕು ಜನ ಬಂದು ಯಂತ್ರವನ್ನು ಕೆಳಗಿಳಿಸಿದರು, ಗೋಡೆಗೆ ಬಣ್ಣ ಬಂತು, ಮಂಚಕ್ಕೆ ಹೊಸ ಹಾಸಿಗೆ ಬಂತು. ಖಾಲಿಯಾದ ಕೋಣೆಯ ನಡುವೆ ನಿಂತಾಗ ರಟ್ಟಮ್ಮನಿಗೆ ಹೊಳೆಯಿತು. ಹನ್ನೊಂದು ವರ್ಷ ಅಕ್ಕನಿಗಾಗಿ ಜರುಗದ ಯಂತ್ರ ಯಾರೋ ಹೊರಗಿನವಳಿಗಾಗಿ ಒಂದೇ ಬೆಳಗಿನಲ್ಲಿ ಜರುಗಿತ್ತು.

"ಅಕ್ಕನಿಗೆ ಇದು ಗೊತ್ತಾಗಬಾರದು," ಎಂದಳು ಗಂಡನಿಗೆ. "ಮನೆಗೆ ಬೀಗ ಹಾಕ್ಕೊಂಡು ಬಂದಿದೀವಿ ಅನ್ನಿ. ಬಾಯಿ ತಪ್ಪಿ ಏನಾದ್ರೂ ಅಂದ್ರೋ..."

"ನಾನ್ಯಾಕೆ ಅನ್ಲಿ? ನಾನು ಗಾಡಿ ಟೈಮ್ ಬಿಟ್ಟು ಬೇರೆ ಏನ್ ಮಾತಾಡ್ತೀನಿ?"

ಅದು ನಿಜವೇ. ಆದರೆ ಟೆಲಿಫೋನಿಗೆ ಯಾರು ಹೇಳಬೇಕು?

ಹೊರಟ ದಿನ ಗಾಡಿ ಇನ್ನೂ ಊರು ದಾಟಿರಲಿಲ್ಲ, ಮೊದಲ ಕರೆ ಬಂತು. "ಅಮ್ಮಾ, ತಪ್ಪು ತಿಳ್ಕೋಬೇಡಿ, ಸೂಚನೆ ಆರರಲ್ಲಿ 'ನಲ್ಲಿ ಹಾಡಿದರೆ ಗಾಬರಿಯಾಗಬೇಡಿ' ಅಂತ ಇದೆ. ಎಷ್ಟು ಹೊತ್ತು ಹಾಡುತ್ತೆ?" ಬೆಟ್ಟದ ತುದಿಯಲ್ಲಿ ಮೂರು ಕರೆ. ಕೋಟೆಯ ಬಾಗಿಲಲ್ಲಿ ಎರಡು. "ಅಮ್ಮಾ, ಮೂರನೇ ಡ್ರಾಯರು ತೆಗೆದುಬಿಟ್ಟೆ. ಬರೀಬೇಡಿ ಅಂತ ಬರೆದಿದ್ರಿ, ಅಲ್ಲ, ತೆಗೀಬೇಡಿ ಅಂತ. ಅದಕ್ಕೇ ತೆಗೆಯೋಣ ಅನ್ನಿಸ್ತು." ಜಲಪಾತವನ್ನು ರಟ್ಟಮ್ಮ ನೋಡಿದ್ದು ಗಂಡ ತೆಗೆದ ಫೋಟೋದಲ್ಲಿ. ಅದರಲ್ಲೂ ಕಾಣುವುದು ಆಕೆಯ ಬೆನ್ನು, ಕಿವಿಗೊತ್ತಿದ ಫೋನು. ಹಿಂದೆ ಎಲ್ಲೋ ಒಂದಿಷ್ಟು ನೀರು.

"ಫೋನ್ ಆಫ್ ಮಾಡಿಬಿಡೇ."

"ಮಾಡಿ, ಅವಳು ಒಲೆ ಆರಿಸೋಕೆ ಹೋಗಿ ಗುಂಡಿ ಬಲಕ್ಕೆ ತಿರುಗಿಸಿ, ಮನೆ ಭಗ್ ಅಂತ ಹತ್ಕೊಂಡ್ರೆ?"

"ಹಾಗಾದ್ರೆ ಕೋಪಾನಾದ್ರೂ ಮಾಡ್ಕೋ."

"ಹೇಗ್ರೀ ಮಾಡ್ಕೊಳ್ಳೋದು? ಪ್ರತಿ ಸಲ 'ಎಂಥಾ ಚೆಂದದ ಮನೆ ಅಮ್ಮಾ' ಅಂತ ಶುರು ಮಾಡ್ತಾಳೆ."

ಹೀಗೆ ಐದು ವಾರ ರಟ್ಟಮ್ಮ ಊರೂರು ತಿರುಗಿದಳು ಎಂಬುದು ಹೆಸರಿಗೆ; ಮನಸ್ಸಿನಲ್ಲಿ ಆಕೆ ತನ್ನ ಮನೆಯ ಹೊಸಿಲನ್ನೇ ದಾಟಿರಲಿಲ್ಲ. ತಲೆ ಚಿಟ್ಟುಹಿಡಿದುಹೋಗಿತ್ತು. ಆ ಸ್ಥಿತಿಯಲ್ಲೇ ಅಕ್ಕನ ಮನೆಯ ಮೂರನೇ ಮಹಡಿಯ ಮೆಟ್ಟಿಲು ಹತ್ತಿದಳು.

ಅಕ್ಕನ ಮನೆಯಲ್ಲಿ ಎಲ್ಲವೂ ಸರಿಯಿತ್ತು. ಬಾಗಿಲುಗಳು ಟಿಕ್ ಎಂದು ಮುಚ್ಚುತ್ತಿದ್ದವು. ನಲ್ಲಿ ತಿರುಗಿಸಿದರೆ ನೀರು, ನಿಲ್ಲಿಸಿದರೆ ಮೌನ. ಟವೆಲುಗಳನ್ನು ಆಸ್ಪತ್ರೆಯಲ್ಲಿ ಮಡಿಸುವಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿತ್ತು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಹಾ ತಂದಿಟ್ಟು ಕೇಳಿದಳು: "ನಿಮಗೆ ಸಕ್ಕರೆ ಎಷ್ಟು ಹಾಕಲಿ?"

ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ತನ್ನ ಬಾಯಿಗೆ ತುತ್ತಿಟ್ಟವಳು, ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದಾಳೆ. "ಒಂದು ಚಮಚ," ಎಂದಳು ರಟ್ಟಮ್ಮ. ಹಾಕಿಕೊಳ್ಳುತ್ತಿದ್ದದ್ದು ಎರಡು.

ಮೂರು ದಿನ ಹೀಗೇ ಕಳೆಯಿತು. ಅಕ್ಕ ಊಟಕ್ಕೆ ಕರೆದಳು, ಸಮುದ್ರ ತೋರಿಸಿದಳು, ಹೊದಿಕೆ ಸಾಕೇ ಎಂದು ವಿಚಾರಿಸಿದಳು. ವಾರ್ಡಿನ ರೋಗಿಗಳಿಗೂ ಇದಕ್ಕಿಂತ ಹೆಚ್ಚು ಬೈಗುಳ ಸಿಗುತ್ತಿತ್ತೇನೋ. ಮಾತು ತೆಗೆಯಬೇಕೆಂದು ರಟ್ಟಮ್ಮ ಬಾಯಿ ತೆರೆದಾಗಲೆಲ್ಲ ಸೊಂಟದ ಚೀಲದಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು.

"ಯಾರದು ಅಷ್ಟೊಂದು ಸಲ?" ಎಂದಳು ಅಕ್ಕ ಮೂರನೇ ದಿನ.

"ಗಿರಾಕಿ. ದಪ್ಪ ಪುಸ್ತಕ ಒಂದು ರಟ್ಟು ಹಾಕಿ ಕೊಟ್ಟಿದ್ದೆ. ಅದೇನೋ ತಕರಾರು."

ಎದ್ದು ಹೋಗಿ ಬಾಲ್ಕನಿಯ ಮೂಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. "ಸೋರ್ತಿದ್ಯಾ? ಬಟ್ಟೆ ಸುತ್ತಿ. ಅದಲ್ಲ, ಹಳೇ ಬಟ್ಟೆ. ಕೆಳಗೊಂದು ಬಕೆಟ್ ಇಡಿ." ತಿರುಗಿ ನೋಡಿದರೆ ಅಕ್ಕ ಒಣಗಿದ ಬಟ್ಟೆ ತೆಗೆಯುತ್ತ ಹಿಂದೆಯೇ ನಿಂತಿದ್ದಳು.

"ಪುಸ್ತಕದ ಕೆಳಗೆ ಬಕೆಟ್ ಯಾಕೆ?"

"ಅಂಟು," ಎಂದಳು ರಟ್ಟಮ್ಮ. "ಅಂಟು ಸೋರುತ್ತೆ."

ಅಕ್ಕ ಬಟ್ಟೆ ಮಡಿಸುತ್ತ ಒಳಗೆ ಹೋದಳು. ಆ ಸುಮ್ಮನಿರುವಿಕೆ ರಟ್ಟಮ್ಮನ ಮೈ ಉರಿಸಿತು. ಕೇಳಬಾರದೇ? ಇನ್ನೊಂದು ಪ್ರಶ್ನೆ ಕೇಳಿದರೆ ಅವಳ ಗಂಟೇನು ಹೋಗುತ್ತಿತ್ತು?

ನಾಲ್ಕನೇ ದಿನ ಬೆಳಿಗ್ಗೆ ರಟ್ಟಮ್ಮ ಸ್ನಾನಕ್ಕೆ ಹೋಗಿದ್ದಳು. ಫೋನು ಊಟದ ಮೇಜಿನ ಮೇಲಿತ್ತು. ಟೈಮ್‌ಟೇಬಲ್ ಪತ್ರಿಕೆ ಓದುತ್ತಿದ್ದ. ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅವನು ಅದನ್ನು ಹಾವನ್ನು ನೋಡಿದಂತೆ ನೋಡಿದ. ಆದರೆ ನರ್ಸಾಗಿ ಬಾಳಿದವರಿಗೆ ಬಡಿದುಕೊಳ್ಳುವ ಫೋನನ್ನು ಹಾಗೇ ಬಿಡುವುದು ಆಗದ ಮಾತು. ಅಕ್ಕ ಎತ್ತಿಕೊಂಡಳು.

"ಅಮ್ಮಾ!" ಎಂದಿತು ಅಳುದನಿ. "ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದೀನಿ ಅಮ್ಮಾ! ಒಂದು ಗಂಟೆ ಆಯ್ತು. ಬಾಗಿಲು ಬರ್ತಾನೇ ಇಲ್ಲ!"

"ಯಾವ ಬಚ್ಚಲು? ಯಾರು ನೀವು?"

"ಅಯ್ಯೋ, ನಾನಮ್ಮಾ, ನಿಮ್ಮನೆ ಬಾಡಿಗೆಯವಳು!"

ಅಕ್ಕ ಟೈಮ್‌ಟೇಬಲ್‌ನ ಕಡೆ ನೋಡಿದಳು. ಅವನು ಪತ್ರಿಕೆಯನ್ನು ಮುಖದ ಮುಂದೆ ಎತ್ತಿ ಹಿಡಿದ. ಅಕ್ಕ ನಡೆದು ಹೋಗಿ ತನ್ನ ಬಚ್ಚಲ ಬಾಗಿಲನ್ನು ಎರಡು ಸಲ ತಟ್ಟಿದಳು.

"ಏಯ್, ಹೊರಗೆ ಬಾರೇ. ನಿನ್ನ ದಪ್ಪ ಪುಸ್ತಕ ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದೆಯಂತೆ."

ಒಳಗಿದ್ದವಳ ಕೈಯಿಂದ ಚೊಂಬು ಜಾರಿತು. ಹನ್ನೊಂದು ವರ್ಷದ ಮೇಲೆ ಕಿವಿಗೆ ಬಿದ್ದ 'ಬಾರೇ' ಅದು. ಎಂಥಾ ಹೊತ್ತಿನಲ್ಲಿ ಬಿತ್ತು ನೋಡಿ! ಒದ್ದೆ ಕೂದಲಿಗೆ ಟವೆಲು ಸುತ್ತಿ, ಸೀರೆ ಸಿಕ್ಕಂತೆ ಸುತ್ತಿಕೊಂಡು ಹೊರಬಂದಾಗ ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಸ್ಟೂಲಿನ ಮೇಲೆ ಇಟ್ಟಿದ್ದಳು. ಅಕ್ಕನ ಮುಖ ನೋಡಲು ರಟ್ಟಮ್ಮನಿಗೆ ಧೈರ್ಯವಾಗಲಿಲ್ಲ. ಫೋನಿಗೇ ಹೇಳಿದಳು.

"ಸೂಚನೆ ಹತ್ತೊಂಬತ್ತು ನೋಡಿದ್ರಾ?"

"ಬಾಯಿಪಾಠ ಆಗಿದೆ ಅಮ್ಮಾ! 'ಚಿಲಕವನ್ನು ಎತ್ತಿ ಎಳೆಯಿರಿ.' ಎತ್ತೋಕೇ ಬರ್ತಿಲ್ಲ, ಕಚ್ಕೊಂಡಿದೆ. ಇಷ್ಟು ದಿನ ಚಿಲಕ ಹಾಕ್ತಾನೇ ಇರ್ಲಿಲ್ಲ, ಇವತ್ತು ಹಾಕ್ದೆ."

"ಐವತ್ತು ವರ್ಷದಿಂದ ನಾವು ಎತ್ತಿ ಎಳೀತಿಲ್ವಾ? ಸರಿಯಾಗಿ ಎತ್ತಿ."

"ಕೈ ಕಿತ್ತುಹೋಯ್ತಮ್ಮಾ."

"ಹೀಗೆ ಎತ್ತಬೇಕು, ಹೀಗೆ!" ರಟ್ಟಮ್ಮನಿಗೆ ಸಿಟ್ಟು ನೆತ್ತಿಗೇರಿತು. ಫೋನಿನಲ್ಲಿ ಕಾಣುವುದಿಲ್ಲ ಎಂಬುದನ್ನೂ ಮರೆತು ಅಕ್ಕನ ಬಚ್ಚಲ ಬಾಗಿಲಿನ ಮುಂದೆ ನಿಂತು, ಅಲ್ಲಿಲ್ಲದ ಚಿಲಕವನ್ನು ಗಾಳಿಯಲ್ಲಿ ಹಿಡಿದು ಎತ್ತಿ ಎಳೆದಳು. "ಎತ್ತಿ, ಎಳೆದೆ. ಬಂತು. ಎತ್ತಿ, ಎಳೆದೆ. ಇದರಲ್ಲೇನಿದೆ?"

"ಇನ್ನೊಂದ್ಸಲ ಮಾಡು," ಎಂದಳು ಅಕ್ಕ.

"ಏನು?"

"ಮಾಡು ಅಂದೆ."

ರಟ್ಟಮ್ಮ ಮಾಡಿದಳು. ಅಕ್ಕ ಅವಳ ಕೈ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು.

"ಮಂಡಿ!" ಎಂದಳು ಅಕ್ಕ. "ಮಂಡಿ ಹೇಳು ಅವಳಿಗೆ, ದಡ್ಡಿ! ಮೊದಲು ಮಂಡಿಯಿಂದ ಬಾಗಿಲನ್ನ ಆಚೆಗೆ ನೂಕ್ತಿದೀಯ, ಆಮೇಲೆ ಎತ್ತುತ್ತಿದೀಯ. ನೂಕಿದ್ರೇ ಚಿಲಕ ಸಡಿಲ ಆಗೋದು."

"ನಾನೆಲ್ಲಿ ನೂಕ್ದೆ?"

"ನೂಕ್ದೆ."

"ಇಲ್ಲ."

ಅಕ್ಕ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಬಾಗಿಲಿನ ಮುಂದೆ ನಿಂತಳು. ಕೈ ಗಾಳಿಗೆ ಹೋಯಿತು. ಅದಕ್ಕೂ ಮೊದಲೇ ಅರವತ್ತರ ಹತ್ತಿರ ಬಂದ ಬಲಮಂಡಿ ತಾನಾಗಿಯೇ ಮುಂದೆ ಹೋಗಿ ಟಪ್ ಎಂದು ಹಲಗೆಗೆ ತಾಗಿತು. ಅಕ್ಕ ತನ್ನ ಮಂಡಿಯನ್ನು ತಾನೇ ಬೆರಗಾಗಿ ನೋಡಿದಳು. ಅಪ್ಪನೂ ಹಾಗೇ ನೂಕುತ್ತಿದ್ದ, ಅವನ ಎಲ್ಲ ಪ್ಯಾಂಟುಗಳ ಬಲಮಂಡಿಯೂ ಮಾಸಿರುತ್ತಿತ್ತು. ಮೂವರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ದೇವರು ಕೆಲವು ವಿಷಯಗಳನ್ನು ಮನುಷ್ಯನ ಬುದ್ಧಿಗೆ ಕೊಡದೆ ನೇರ ಮಂಡಿಗೇ ಕೊಟ್ಟಿರುತ್ತಾನೆ. ಅವನ್ನು ಪುಸ್ತಕದಲ್ಲಿ ಬರೆಯುವುದು ಹೇಗೆ?

"ಕೇಳಿಸ್ತೇನಮ್ಮಾ?" ಎಂದಳು ಅಕ್ಕ ಫೋನಿಗೆ. "ಬಲಮಂಡಿ. ಚಿಲಕದ ಕೆಳಗೆ, ಒಂದು ಗೇಣು. ಆಚೆ ನೂಕು. ನೂಕಿಟ್ಟುಕೊಂಡೇ ಎತ್ತು."

ಸದ್ದು. ಉಸಿರು. ಮತ್ತೆ ಸದ್ದು. ಆಮೇಲೆ ಕಿರಿದಾದೊಂದು ಕೂಗು: "ಬಂತು! ಬಂತಮ್ಮಾ!"

ಅಲ್ಲಿಗೇ ಫೋನು ಇಟ್ಟುಬಿಟ್ಟಿದ್ದರೆ! ರಟ್ಟಮ್ಮ ಕೈ ಚಾಚಿದಳು ಕೂಡ. ಅಕ್ಕನ ಕೈ ಅಡ್ಡ ಬಂತು.

"ನೀನು ಮಲಗೋದು ಯಾವ ಕೋಣೇಲಮ್ಮಾ?"

"ಮಹಡಿ ಕೋಣೇಲಿ. ಎಂಥಾ ಚೆಂದದ ಕೋಣೆ! ನನಗೋಸ್ಕರ ಬಣ್ಣ ಹೊಡೆಸಿದ್ದಾರೆ, ಹೊಸ ಹಾಸಿಗೆ ಹಾಕಿಸಿದ್ದಾರೆ. ಇವರಂಥಾ ಒಳ್ಳೇ ಜನ..."

ರಟ್ಟಮ್ಮ ಫೋನಿನ ಮುಂದೆ ಎರಡೂ ಕೈ ಆಡಿಸಿದಳು, ಸಾಕು, ಸಾಕು ಎಂದು. ಫೋನಿಗೆ ಕಣ್ಣಿರಲಿಲ್ಲ.

"ಅಲ್ಲೊಂದು ಮಿಷನ್ ಇತ್ತಲ್ಲ?"

"ಕೆಳಗಿಳಿಸಿಬಿಟ್ರಮ್ಮಾ, ನಾನು ಬರ್ತೀನಿ ಅಂದಿದ್ದಕ್ಕೆ."

ಅಕ್ಕ ಸ್ಟೂಲಿನ ಪಕ್ಕ ನಿಂತೇ ಇದ್ದಳು. ಪತ್ರಿಕೆಯ ಹಿಂದೆ ಟೈಮ್‌ಟೇಬಲ್ ಇನ್ನಷ್ಟು ಕುಗ್ಗಿ ಕೂತ.

"ಜರುಗುತ್ತೆ ಅಂತಾಯ್ತು," ಎಂದಳು ಅಕ್ಕ. ದನಿ ಏರಲಿಲ್ಲ. "ಅದು ನೆಲಕ್ಕೆ ಬೇರುಬಿಟ್ಟಿದೆ ಅಂದ್ಕೊಂಡಿದ್ದೆ ನಾನು. ನನಗೆ ಚಾಪೆ, ಅವಳಿಗೆ ಹೊಸ ಹಾಸಿಗೆ."

"ಅಕ್ಕಾ..."

"ನಾನು ಆ ಕೋಣೇಲಿ ಹುಟ್ಟಿದ್ದು ಕಣೇ."

ಐದು ವಾರದಿಂದ ಹೊಟ್ಟೆಯೊಳಗೆ ಅದುಮಿಟ್ಟಿದ್ದ ಬೇಸರ, ಅದರ ಕೆಳಗೆ ಹನ್ನೊಂದು ವರ್ಷದ್ದು, ಎಲ್ಲ ಒಟ್ಟಿಗೆ ರಟ್ಟಮ್ಮನ ಬಾಯಿಗೆ ಬಂತು.

"ಹುಟ್ಟಿದ್ದೆ, ಹೌದು! ಬಾಯಿ ಇಟ್ಕೊಂಡೇ ಹುಟ್ಟಿದ್ದೆ ತಾನೇ? ಒಂದು ಮಾತು ಕೇಳಿದ್ಯಾ? 'ಮಿಷನ್ ತೆಗಿಯೇ, ನಾನು ಮಲಗಬೇಕು' ಅಂತ? ಅವಳು ನೋಡು, ದಿನಕ್ಕೆ ಆರು ಸಲ ಕೇಳ್ತಾಳೆ! ನಲ್ಲಿ ಯಾಕೆ ಹಾಡುತ್ತೆ, ತೊಲೆ ಯಾಕೆ ಕೆಮ್ಮುತ್ತೆ. ನನ್ನ ಪ್ರಾಣ ತಿಂದುಹಾಕಿದ್ಲು. ಆದ್ರೂ ಕೇಳ್ತಾಳೆ! ನೀನು? ಲೋಟ ತೊಳೆದಿಟ್ಟು ಹೋದೆ. ಮೂರು ದಿನದಿಂದ ಸಕ್ಕರೆ ಎಷ್ಟು ಹೊದಿಕೆ ಎಷ್ಟು ಅಂತ ಕೊಲ್ತಿದೀಯ. ನನಗೆ ಎರಡು ಚಮಚ ಬೇಕು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

"ನೀನು ಒಂದು ಅಂದೆ. ಒಂದು ಹಾಕ್ದೆ." ಎಂದಳು ಅಕ್ಕ. "ನೀನು ಕೇಳಿದ್ಯೇನೇ ನನ್ನ? ಸಾಮಾನು ಪೆಟ್ಟಿಗೆಗೆ ತುಂಬೋ ಮುಂಚೆ?"

ರಟ್ಟಮ್ಮ ಟವೆಲಿನ ತುದಿಯಿಂದ ಮುಖ ಒರೆಸಿಕೊಂಡಳು. ಕೂದಲಿನ ನೀರೋ, ಕಣ್ಣಿನದೋ. "ಇಲ್ಲ," ಎಂದಳು. "ಕೇಳಬೇಕಿತ್ತು. ಕೇಳ್ಲಿಲ್ಲ. ಕೇಳಿದ್ರೆ ನೀನು ಬೇಡ ಅಂತೀಯ ಅಂತ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ. ತಪ್ಪು ನಂದೇ."

ಕೆಳಗಿನ ಬೀದಿಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಆಮೇಲೆ ಸ್ಟೂಲಿನಿಂದ ಮೆಲ್ಲನೆಯ ದನಿ ಬಂತು.

"ಅಮ್ಮಾ... ನಾನಿನ್ನೂ ಲೈನಲ್ಲೇ ಇದೀನಿ. ಇಡ್ಲಾ?"

"ಇಡಬೇಡ," ಎಂದಳು ಅಕ್ಕ. "ನೀನು ಇನ್ನೆಷ್ಟು ದಿನ ಇರ್ತೀಯ ಅಲ್ಲಿ?"

"ಐದು ದಿನ."

"ಆರನೇ ದಿನದಿಂದ ಆ ಕೋಣೆ ನನಗೆ. ಎರಡು ವಾರ. ರಜೆ ಬೇಕಾದಷ್ಟಿದೆ."

ರಟ್ಟಮ್ಮನಿಗೆ ರೇಗಿತು. "ಅವಳನ್ನೇನು ಕೇಳ್ತೀಯ? ಮನೆ ನಂದು!"

"ಗೊತ್ತು," ಎಂದಳು ಅಕ್ಕ, ಈಗ ಅವಳ ಕಡೆಗೇ ತಿರುಗಿ. "ಅದಕ್ಕೇ ಈಗ ನಿನ್ನ ಕೇಳ್ತಿದೀನಿ. ಕೊಡ್ತೀಯಾ?"

ರಟ್ಟಮ್ಮ ತಲೆಯಾಡಿಸಿದಳು.

"ಬಾಯಿ ಬಿಟ್ಟು ಹೇಳು."

"ಕೊಡ್ತೀನೇ ಮಹರಾಯ್ತೀ, ಕೊಡ್ತೀನಿ!"

"ಶನಿವಾರ ಬೆಳಿಗ್ಗೆ ಏಳು ಹತ್ತಕ್ಕೆ ನೇರ ಗಾಡಿ ಇದೆ," ಎಂದ ಟೈಮ್‌ಟೇಬಲ್ ಪತ್ರಿಕೆ ಇಳಿಸುತ್ತ. "ಮೂರು ಸೀಟು ಸಿಗಬಹುದು."

ಅವನ ಮಾತು ಮುಗಿಯುವ ಮೊದಲೇ ಫೋನು ಚೀರಿತು. "ಅಯ್ಯೋ! ಬಚ್ಚಲಿಗೆ ಬರೋ ಮುಂಚೆ ಒಲೆ ಮೇಲೆ ಸಣ್ಣ ಉರೀಲಿ ಹಾಲಿಟ್ಟಿದ್ದೆ! ಹೊಗೆ ಬರ್ತಿದೆ!"

"ಆರಿಸು!" ಎಂದು ಅಕ್ಕತಂಗಿಯರಿಬ್ಬರೂ ಒಂದೇ ಉಸಿರಿಗೆ ಕೂಗಿದರು. "ಬಲಕ್ಕಲ್ಲ, ಎಡಕ್ಕೆ ತಿರುಗಿಸು!"